ಎರಡನೆಯ ನಂಬರಿನ ಹಾಲೆ ಮರ

2016ನೆಯ ಇಸವಿ. ನನಗೆ ಆಗ ನಲವತ್ತೊಂಬತ್ತು ವರ್ಷ. ಮುಂಬಯಿಯ ಭಾಂಡುಪಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಕನ್ನಡ ಬೋಧಿಸಲು ತೊಡಗಿ ಇಪ್ಪತ್ತೊಂದು ವರ್ಷಗಳಾಗಿದ್ದವು. ಇವೆರಡನ್ನೂ ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ವಿವರಿಸಲಿರುವ ತಪ್ಪನ್ನು ಅನುಭವವಿಲ್ಲದ ಎಳೆಯ ಶಿಕ್ಷಕನ ತಪ್ಪೆಂದು ಯಾರೂ ಮನ್ನಿಸಬಾರದು.

ಈಗ ಈ ವೃತ್ತಿಗೆ ಸೇರುತ್ತಿರುವವರು ನನ್ನನ್ನು ಕಂಡಾಗ ಪಾಠ ಹೇಳುವ ಕ್ರಮದ ಬಗ್ಗೆ ಕೇಳುತ್ತಾರೆ. ಪಾಠ ಹೇಳುವುದು ಈ ವೃತ್ತಿಯ ಅರ್ಧ ಭಾಗವೂ ಅಲ್ಲವೆಂಬುದನ್ನು ಅವರಿಗೆ ಯಾರೂ ತಿಳಿಸಿರುವುದಿಲ್ಲ. ಉಳಿದದ್ದೆಲ್ಲ ರಿಜಿಸ್ಟರು. ಹಾಜರಿಯ ರಿಜಿಸ್ಟರು, ದಾಸ್ತಾನಿನ ರಿಜಿಸ್ಟರು, ಮಧ್ಯಾಹ್ನದ ಊಟದ ರಿಜಿಸ್ಟರು. ನನ್ನ ಪಾಲಿಗೆ ಇವುಗಳ ಜೊತೆಗೆ ಮರಗಳ ರಿಜಿಸ್ಟರೂ ಬಂದಿತು. ಮುಖ್ಯೋಪಾಧ್ಯಾಯರು ಅದನ್ನು ನನ್ನ ಮೇಜಿನ ಮೇಲಿಟ್ಟು, “ಮೇಷ್ಟ್ರೇ, ನಿಮ್ಮ ಅಕ್ಷರ ದುಂಡಗಿದೆ, ಇದನ್ನೂ ನೀವೇ ಇಟ್ಕೊಳ್ಳಿ” ಎಂದರು. ಅಕ್ಷರಕ್ಕೂ ಮರಕ್ಕೂ ಏನು ಸಂಬಂಧವೆಂದು ನಾನು ಕೇಳಲಿಲ್ಲ. ಕೇಳಬೇಕಾಗಿತ್ತು.

ಶಾಲೆಯ ಉದ್ದನೆಯ ಗೋಡೆಗೆ ಹೊಂದಿಕೊಂಡು, ಮುಂದಿನ ಗೇಟಿನಿಂದ ಹಿಂದಿನ ಗೇಟಿನವರೆಗೆ, ಒಂದೇ ಸಾಲಿನಲ್ಲಿ ಒಂಬತ್ತು ಮರಗಳಿದ್ದವು. ನಾನು ಮುಂದಿನ ಗೇಟಿನಿಂದ ಎಣಿಸಿ ರಿಜಿಸ್ಟರಿನಲ್ಲಿ ಬರೆದೆ: ಬೇವು, ಹಾಲೆ, ಗುಲ್‌ಮೊಹರ್, ನೇರಳೆ, ಮಳೆಮರ, ಅಶೋಕ, ಬಕುಳ, ಹಳದಿ ಕಣಗಿಲೆ, ಕಾಡುಬಾದಾಮಿ. ಇವುಗಳಲ್ಲಿ ನನ್ನ ಮೆಚ್ಚಿನದು ಆರನೆಯದಾದ ಅಶೋಕ. ಅದು ಅಂಚುಪಟ್ಟಿಯಿಂದ ಗೆರೆ ಎಳೆದಂತೆ ನೆಟ್ಟಗೆ ಬೆಳೆಯುತ್ತದೆ, ಪಕ್ಕದವರ ಜಾಗಕ್ಕೆ ಕೈ ಚಾಚುವುದಿಲ್ಲ. ಇಂಥ ಶಿಸ್ತು ನನಗೆ ತರಗತಿಯಲ್ಲಿ ಎಂದೂ ದೊರೆತಿರಲಿಲ್ಲ. ಎರಡನೆಯದಾದ ಹಾಲೆ ಮರವನ್ನು ಕಂಡರೆ ನನಗಾಗುತ್ತಿರಲಿಲ್ಲ. ಅಕ್ಟೋಬರ್ ಬಂದರೆ ಸಂಜೆಯ ಹೊತ್ತಿಗೆ ಅದರ ಹೂವಿನ ವಾಸನೆ ಇಡೀ ಓಣಿಯನ್ನು ತುಂಬಿ ನನಗೆ ತಲೆನೋವು ತರುತ್ತಿತ್ತು.

ಮಕ್ಕಳಿಗೆ ನಾನು ಪ್ರತಿವರ್ಷ ಜುಲೈನಲ್ಲಿ ‘ನನ್ನ ಮೆಚ್ಚಿನ ಮರ’ ಎಂಬ ಪ್ರಬಂಧ ಕೊಡುತ್ತಿದ್ದೆ. ಪ್ರತಿವರ್ಷವೂ ಎಲ್ಲರೂ ತೆಂಗಿನ ಮರವನ್ನೇ ಮೆಚ್ಚುತ್ತಿದ್ದರು. ಗೈಡಿನಲ್ಲಿದ್ದದ್ದು ಅದೊಂದೇ. ಗುಡ್ಡದ ಇಳಿಜಾರಿನ ಚಾಳಿನ ಒಂಟಿ ಕೋಣೆಯಲ್ಲಿ ಹುಟ್ಟಿ ಬೆಳೆದ ಮಗು, “ನಮ್ಮ ಮನೆಯ ಹಿತ್ತಲಿನಲ್ಲಿ ಹತ್ತು ತೆಂಗಿನ ಮರಗಳಿವೆ” ಎಂದು ಬರೆಯುತ್ತಿತ್ತು. ಹಿತ್ತಲೆಂದರೇನೆಂದು ಕೇಳಿದರೆ ಪಕ್ಕದವನ ಮುಖ ನೋಡುತ್ತಿತ್ತು. ಇಂಥ ನಲವತ್ತು ತೆಂಗಿನ ತೋಟಗಳನ್ನು ಒಂದೇ ವಾರದಲ್ಲಿ ತಿದ್ದಿದವರಿಗಷ್ಟೇ ನನ್ನ ಸಂಕಟ ಅರ್ಥವಾದೀತು.

ಆದ್ದರಿಂದ ಆ ವರ್ಷ ನಾನೊಂದು ಸುಧಾರಣೆಯನ್ನು ತಂದೆ. ನಮ್ಮ ಕಾಂಪೌಂಡಿನ ಒಂಬತ್ತರಲ್ಲಿ ಒಂದನ್ನೇ ಆರಿಸಿಕೊಂಡು ಬರೆಯತಕ್ಕದ್ದು. ಅದಕ್ಕೆ ಅನುಕೂಲವಾಗಲೆಂದು ತಗಡಿನ ಒಂಬತ್ತು ಫಲಕಗಳನ್ನು ಮಾಡಿಸಿ, ನಾನೇ ಬಿಳಿ ಬಣ್ಣದಲ್ಲಿ ಹೆಸರುಗಳನ್ನು ಬರೆದೆ. ಮೇ ತಿಂಗಳ ರಜೆಯಲ್ಲಿ ಅವುಗಳನ್ನು ಪಟ್ಟಿಯೊಂದಿಗೆ ನಮ್ಮ ಜವಾನ ಬಸಪ್ಪನ ಕೈಗೆ ಕೊಟ್ಟು, ಅನುಕ್ರಮವಾಗಿ ಮೊಳೆ ಹೊಡೆಯಲು ಹೇಳಿ ಊರಿಗೆ ಹೋದೆ. ಬಂದ ಮೇಲೆ ಫಲಕಗಳೆಲ್ಲ ಒಂದೇ ಎತ್ತರದಲ್ಲಿವೆಯೇ ಎಂದು ನೋಡಿದೆ. ಇದ್ದವು. ತೃಪ್ತನಾದೆ.

ಜುಲೈನಲ್ಲಿ ಪ್ರಬಂಧಗಳು ಬಂದವು. ಏಳನೆಯ ತರಗತಿಯ ಒಬ್ಬ ಹುಡುಗಿ ಹೀಗೆ ಬರೆದಿದ್ದಳು: “ನಮ್ಮ ಶಾಲೆಯ ಬೇವಿನ ಮರ ನನಗೆ ಇಷ್ಟ. ಅದರ ಕಾಯಿಯನ್ನು ಕಲ್ಲಿನಿಂದ ಒಡೆದರೆ ಒಳಗೆ ಬಾದಾಮಿ ಸಿಗುತ್ತದೆ. ಎಲ್ಲರೂ ಬೇವು ಕಹಿ ಎನ್ನುತ್ತಾರೆ, ನಮ್ಮ ಬೇವು ಮಾತ್ರ ಸಿಹಿ.” ನಾನು ಎರಡು ಅಲ್ಪವಿರಾಮಗಳನ್ನು ಸರಿಪಡಿಸಿ ಹತ್ತಕ್ಕೆ ಎಂಟು ಅಂಕ ಕೊಟ್ಟೆ. ಇನ್ನೊಬ್ಬ, “ನಮ್ಮ ನೇರಳೆ ಕಂಬದ ಹಾಗೆ ನೆಟ್ಟಗಿದೆ, ಹಣ್ಣು ಬಿಡುವುದಿಲ್ಲ” ಎಂದಿದ್ದ. ಅವನಿಗೆ ಏಳು. ವಾಕ್ಯರಚನೆ ನಿರ್ದುಷ್ಟವಾಗಿತ್ತು.

ಆ ಎರಡು ಪುಸ್ತಕಗಳು ಈಗಲೂ ನನ್ನ ಬಳಿ ಇವೆ. ಹಳೆಯ ಕೆಂಪು ಶಾಯಿಯನ್ನು ನೋಡಿದಾಗಲೆಲ್ಲ ಮೈ ಉರಿಯುತ್ತದೆ, ಮಕ್ಕಳ ಮೇಲಲ್ಲ.

ಆಗಸ್ಟ್ ಮೊದಲ ವಾರದ ಒಂದು ಬೆಳಿಗ್ಗೆ, ಪ್ರಾರ್ಥನೆ ಮುಗಿದ ಕೂಡಲೇ, ವನಜಕ್ಕ ಬಂದರು. ಭಾಂಡುಪ್ ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯ ಹೆಂಗಸು. ಅವರ ಮಕ್ಕಳಿಬ್ಬರೂ ನಮ್ಮಲ್ಲೇ ಓದಿದ್ದರು. ಅಂದು ಆಟಿ ಅಮಾವಾಸ್ಯೆ. ಅಂದು ಕರಾವಳಿಯವರು ಹಾಲೆ ಮರದ ತೊಗಟೆಯನ್ನು ಸೂರ್ಯೋದಯಕ್ಕೆ ಮೊದಲು ಕಲ್ಲಿನಿಂದ ಜಜ್ಜಿ ತೆಗೆದು, ಕಬ್ಬಿಣ ಸೋಕಿಸದೆ, ಬೆಳ್ಳುಳ್ಳಿ ಕಾಳುಮೆಣಸು ಹಾಕಿ ಕಷಾಯ ಮಾಡಿ ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ಹದಿನೈದು ವರ್ಷಗಳಿಂದ ವನಜಕ್ಕ ಮುಖ್ಯೋಪಾಧ್ಯಾಯರ ಅನುಮತಿಯಿಂದ ನಮ್ಮ ಮರದ ತೊಗಟೆಯನ್ನು ಅಂಗೈಯಗಲ ಮಾತ್ರ ತಾವೇ ಬಂದು ಒಯ್ಯುತ್ತಿದ್ದರು. ಆ ವರ್ಷ ಮೊಣಕಾಲು ನೋವೆಂದು ಅಣ್ಣನ ಮಗ ಸಂದೇಶನನ್ನು ಕಳಿಸಿದ್ದರು. ಮುಂಬಯಿಯಲ್ಲೇ ಹುಟ್ಟಿದ, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ತರುಣ. ಅವನೂ ತಲೆ ತಗ್ಗಿಸಿಕೊಂಡು ಅವರ ಹಿಂದೆ ನಿಂತಿದ್ದ.

“ಇಲ್ಲಿ ಬೋರ್ಡು ಬರ್ದ ಮಾಷ್ಟ್ರು ಯಾರು?”

“ನಾನೇ, ಅಕ್ಕ.”

ಅವರು ಸೆರಗಿನೊಳಗಿಂದ ಒಂದು ಎಲೆಯನ್ನು ತೆಗೆದು ನನ್ನ ಮೂಗಿನ ಮುಂದೆ ಹಿಡಿದರು. “ಇದು ಎಂತ ಎಲೆ, ಹೇಳಿ.”

ಸಪೂರವಾದ, ಉದ್ದನೆಯ ಎಲೆ. “ಕಣಗಿಲೆ” ಎಂದೆ.

“ಅಷ್ಟು ಗೊತ್ತುಂಟಲ್ಲ! ಮತ್ತೆ ಆ ಮರಕ್ಕೆ ಹಾಲೆ ಅಂತ ಮೊಳೆ ಹೊಡೆದದ್ದು ಎಂತಕ್ಕೆ? ನನ್ನ ಹೋಟೆಲಿನ ಹದಿನೆಂಟು ಜನರನ್ನು ಒಟ್ಟಿಗೇ ಮೇಲೆ ಕಳಿಸ್ಲಿಕ್ಕಾ, ಮಾರಾಯ್ರೆ?”

“ಅತ್ತೆ, ಬೋರ್ಡ್ ಪೇ ಸಾಫ್ ಲಿಖಾ ಥಾ ನಾ” ಎಂದ ಸಂದೇಶ. “ನಾನು ಒಂದೊಂದೇ ಅಕ್ಷರ ಜೋಡ್ಸಿ ಓದ್ದೆ. ಹಾ, ಲೆ. ಜಜ್ಜಿದಾಗ ಹಾಲು ಭೀ ಬಂತು.”

“ಹಾಲು ಕಣಗಿಲೆಗೂ ಬರ್ತದೆ ಮುಂಡೇದೆ! ಕನ್ನಡ ಓದಿದ್ದಕ್ಕೆ ಸಾಯ್ಲಿಕ್ಕಿತ್ತು ಇವತ್ತು!”

ಈ ನಗರದ ಮಕ್ಕಳು ಕನ್ನಡ ಓದಲೆಂದು ಇಪ್ಪತ್ತೊಂದು ವರ್ಷ ಗಂಟಲು ಹರಿದುಕೊಂಡಿದ್ದ ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಯಾರಾದರೂ ಕುಡಿದರೇ ಎಂದು ಕೇಳುವ ಮೊದಲೇ ವನಜಕ್ಕನೇ ಹೇಳಿದರು. ತೊಗಟೆಯ ಜೊತೆಗೆ ಎಲೆಯ ಗೊಂಚಲನ್ನೂ ತರಬೇಕೆಂಬುದು ಅವರ ತಾಯಿಯ ಕಾಲದ ಪದ್ಧತಿ. ಸಂದೇಶ ಬರಿಯ ತೊಗಟೆ ತಂದಿದ್ದ. ಎಲೆ ತಾರೋ ಎಂದು ತಿರುಗಿ ಅಟ್ಟಿದರು. ಎಲೆ ನೋಡಿದವರೇ ತೊಗಟೆಯನ್ನು ಪಾತ್ರೆಸಮೇತ ಗಟಾರಕ್ಕೆಸೆದು ನೇರವಾಗಿ ಶಾಲೆಗೆ ಬಂದಿದ್ದರು.

“ಇನ್ನು ಮೇಲೆ ಮರದ ಹೆಸರು ಹೇಳುವಾಗ ಎಲೆ ಕೈಯಲ್ಲಿ ಹಿಡ್ಕೊಂಡು ಹೇಳಿ, ಮಾಷ್ಟ್ರೆ” ಎಂದು ಹೇಳಿ ಹೊರಟುಹೋದರು.

ಬಸಪ್ಪನನ್ನು ಕರೆಸಿದೆ.

“ಸರ, ನೀವು ಕೊಟ್ಟ ಪಟ್ಟಿ ಪ್ರಕಾರನ ಹೊಡದೇನ್ರಿ. ಒಂದರಿಂದ ಒಂಬತ್ತು.”

“ಯಾವ ಗೇಟಿನಿಂದ ಆರಂಭಿಸಿದೆ?”

“ಹಿಂದಿಂದರಿ. ಮೇ ತಿಂಗಳಾಗ ಗಟಾರ ಅಗದು ಮುಂದಿನ ಗೇಟ್ ಬಂದ್ ಇತ್ತಲ್ರಿ.”

ಪಟ್ಟಿ ತಲೆಕೆಳಗಾಗಿತ್ತು. ನಟ್ಟನಡುವಿನ ಮಳೆಮರವೊಂದೇ ತನ್ನ ಹೆಸರಿನಲ್ಲಿ ನಿಂತಿತ್ತು. ಉಳಿದ ಎಂಟೂ ಎರಡು ತಿಂಗಳಿಂದ ಪರರ ಹೆಸರಿನಲ್ಲಿ ಬಾಳುತ್ತಿದ್ದವು. ಮರವನ್ನು ಬಲ್ಲವರು ಫಲಕ ಓದುವುದಿಲ್ಲ, ಫಲಕ ಓದುವವರು ಮರವನ್ನು ನೋಡುವುದಿಲ್ಲ. ನಾನು ಎರಡನೆಯ ಗುಂಪಿಗೆ ಸೇರಿದವನು.

“ಬಸಪ್ಪ, ಬೇವಿನ ಮರ ನಿನಗೆ ಗೊತ್ತಿಲ್ಲವೇ? ಬಿಜಾಪುರದ ಕಡೆಯವನಲ್ಲವೇ ನೀನು?”

“ಗೊತ್ತಿಲ್ದೇನ್ರಿ? ಬಾದಾಮಿ ಗಿಡಕ್ಕ ಬೇವು ಅಂತ ಹೊಡ್ಯಾಕ ನನಗೂ ಕೈ ಬರಲಿಲ್ಲ. ಆದ್ರ ಬರದವರು ನೀವಲ್ರಿ. ಮಾಸ್ತರು ಬರದದ್ದು ತಪ್ಪ ಅನ್ನಾಕ ನಾ ಯಾರ್ರಿ?”

ಹೊಸದಾಗಿ ಸೇರುವವರು ಈ ಮಾತನ್ನು ಗೋಡೆಗೆ ಅಂಟಿಸಿಕೊಳ್ಳಬಹುದು. ಎಲ್ಲರ ತಪ್ಪನ್ನೂ ತಿದ್ದುವವನೆಂದು ನೀವು ಹೆಸರು ಗಳಿಸಿದ ದಿನದಿಂದ ನಿಮ್ಮ ತಪ್ಪನ್ನು ತಿದ್ದುವವರು ಇರುವುದಿಲ್ಲ.

ಫಲಕಗಳನ್ನು ಅಂದೇ ಕೀಳಿಸಿದೆ. ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಮುಖ್ಯೋಪಾಧ್ಯಾಯರು ಗಾಬರಿಯಾಗಿದ್ದರು. “ಮೇಷ್ಟ್ರೇ, ಕಣಗಿಲೆಯನ್ನೂ ಹಾಲೆಯನ್ನೂ ಎರಡನ್ನೂ ತೆಗೆಸಿಬಿಡೋಣ. ಮರವೇ ಇಲ್ಲದಿದ್ರೆ ತೊಗಟೆಗೆ ಯಾರೂ ಬರೋಲ್ಲ. ಪಕ್ಕದ ಹೌಸಿಂಗ್ ಸೊಸೈಟಿಯವರೂ ಆ ಹೂವಿನ ವಾಸನೆ ಬಗ್ಗೆ ದೂರು ಕೊಟ್ಟಿದ್ದಾರೆ. ನೀವೇ ಅರ್ಜಿ ಬರೀರಿ, ಎರಡೂ ಅಪಾಯಕಾರಿ ಅಂತ.”

ನಾಚಿಕೆಯಲ್ಲಿದ್ದ ಮನುಷ್ಯ ಏನನ್ನಾದರೂ ಬರೆಯುತ್ತಾನೆ. ನಾನು ಬರೆದೆ. ಪಾಲಿಕೆಯ ಉದ್ಯಾನ ವಿಭಾಗಕ್ಕೆ, ನಿರ್ದುಷ್ಟವಾದ ಮರಾಠಿಯಲ್ಲಿ, ಎರಡನೆಯ ಮತ್ತು ಎಂಟನೆಯ ನಂಬರಿನ ಮರಗಳು ಮಕ್ಕಳ ಜೀವಕ್ಕೆ ಅಪಾಯಕಾರಿಯಾಗಿವೆಯೆಂದು ಬರೆದು, ರಿಜಿಸ್ಟರಿನ ಪಟ್ಟಿಯ ಪ್ರತಿಯನ್ನು ಲಗತ್ತಿಸಿದೆ. ಕಣಗಿಲೆಯ ಮಟ್ಟಿಗೆ ಅದು ನಿಜ. ಅದರ ಬೀಜ ವಿಷ, ಶಾಲೆಯಲ್ಲಿ ಇರಲೇಬಾರದು. ಹಾಲೆಯ ಮಟ್ಟಿಗೆ ಅದು ಶುದ್ಧ ಸುಳ್ಳು. ವ್ಯಾಕರಣದ ದೃಷ್ಟಿಯಿಂದ ಮಾತ್ರ ಎರಡೂ ಸಮಾನವಾಗಿದ್ದವು.

ಅಕ್ಟೋಬರಿನಲ್ಲಿ, ಹಾಲೆ ಮರ ಹೂ ಬಿಟ್ಟಿದ್ದಾಗಲೇ, ಅದರ ಕಾಂಡಕ್ಕೆ ನೋಟಿಸು ಅಂಟಿತು. ಆಕ್ಷೇಪಣೆಯಿದ್ದವರು ಏಳು ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು. ಮೂರನೆಯ ದಿನ ವನಜಕ್ಕ ಗೇಟಿನಲ್ಲಿ ನನಗಾಗಿ ಕಾಯುತ್ತಿದ್ದರು. ಅಂದು ಬೈಯಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

“ಮರ ಎಂತ ಮಾಡಿತು, ಮಾಷ್ಟ್ರೆ?” ಎಂದರು. “ಅದು ಅದರ ಜಾಗದಲ್ಲೇ ನಿಂತಿತ್ತು. ಬೋರ್ಡು ತಪ್ಪಿದ್ದಕ್ಕೆ ಮರವನ್ನು ಕಡಿಯುದಾ?”

ಮಕ್ಕಳೆಲ್ಲ ಹೋದ ಮೇಲೆ ಆ ಮರದ ಕೆಳಗೆ ಹೋಗಿ ನಿಂತೆ. ಇಪ್ಪತ್ತೊಂದು ವರ್ಷಗಳಲ್ಲಿ ಅದನ್ನು ನೋಡಲೆಂದೇ ನಾನು ಹೋದದ್ದು ಅದೇ ಮೊದಲು. ಎಟುಕಿದ ಒಂದು ಗೊಂಚಲನ್ನು ಬಗ್ಗಿಸಿ ಎಲೆಗಳನ್ನು ಎಣಿಸಿದೆ. ಒಂದೇ ಬಿಂದುವಿನಿಂದ ಸುತ್ತಲೂ ಹರಡಿದ ಏಳು ಎಲೆಗಳು. ಕೊಂಬೆಗಳು ಕಟ್ಟಡದ ಮಹಡಿಗಳಂತೆ ಒಂದರ ಮೇಲೊಂದು ಸುತ್ತುಗಳಾಗಿ ಹೊರಟಿದ್ದವು. ಪ್ರತಿ ಮಹಡಿಯಲ್ಲೂ ತಿಳಿಹಸಿರು ಹೂವಿನ ಚೆಂಡುಗಳು. ಶಿಸ್ತು ಶಿಸ್ತೆಂದು ಅಶೋಕವನ್ನು ಹೊಗಳುತ್ತಿದ್ದ ನನಗೆ ನಾಲ್ಕು ಮರಗಳಾಚೆಯಿದ್ದ ಈ ಕ್ರಮ ಕಂಡೇ ಇರಲಿಲ್ಲ. ವಾಸನೆ ಆಗಲೂ ತಲೆ ಹಿಡಿಯುತ್ತಿತ್ತು. ಅದನ್ನು ಸುವಾಸನೆಯೆಂದು ಈಗಲೂ ನಾನು ಹೇಳಲಾರೆ.

ಆಕ್ಷೇಪಣೆ ಬರೆಯುವ ಮೊದಲು ಸಸ್ಯಶಾಸ್ತ್ರದ ಪುಸ್ತಕವೊಂದನ್ನು ತರಿಸಿ ಓದಿದೆ. ಹಾಲೆ ಮರದ ಹಗುರವಾದ ಹಲಗೆಗಳನ್ನು ಹಿಂದಿನ ಕಾಲದಲ್ಲಿ ಮಕ್ಕಳು ಅಕ್ಷರ ತಿದ್ದಲು ಬಳಸುತ್ತಿದ್ದರಂತೆ. ಅದರ ಲ್ಯಾಟಿನ್ ಹೆಸರಿನಲ್ಲಿ ‘ಶಾಲೆಯದು’ ಎಂಬ ಅರ್ಥದ ಪದ ಸೇರಿದ್ದು ಆ ಕಾರಣದಿಂದಲೇ. ಪುಸ್ತಕವನ್ನು ಮುಚ್ಚಿಟ್ಟೆ. ಒಂಬತ್ತರಲ್ಲಿ ನಮ್ಮ ಕಸುಬಿಗೆ ಸೇರಿದ ಮರ ಅದೊಂದೇ. ಅದನ್ನು ಕಡಿಯಲು ಅರ್ಜಿ ಬರೆದವನು ಕನ್ನಡ ಶಿಕ್ಷಕ.

ಆರನೆಯ ದಿನ ಆಕ್ಷೇಪಣೆಯನ್ನು ಸಲ್ಲಿಸಿದೆ. ಅದರಲ್ಲಿ, “ಎರಡನೆಯ ನಂಬರಿನ ಮರದಲ್ಲಿ ಯಾವ ದೋಷವೂ ಇಲ್ಲ. ಫಲಕವನ್ನು ಪರಿಶೀಲಿಸದ ದೋಷ ನನ್ನದು. ಹಿಂದಿನ ಅರ್ಜಿಯಲ್ಲಿ ನಾನು ಬರೆದ ವಾಕ್ಯ ಅಸತ್ಯ” ಎಂದು ಒಪ್ಪಿಕೊಂಡೆ.

ಮುಖ್ಯೋಪಾಧ್ಯಾಯರು ಪ್ರತಿಯನ್ನು ಓದಿ ಕನ್ನಡಕ ತೆಗೆದರು. “ಅರ್ಜಿಯೂ ನಿಮ್ದೇ ಅಕ್ಷರ, ಆಕ್ಷೇಪಣೆಯೂ ನಿಮ್ದೇ ಅಕ್ಷರ! ಆಡಳಿತ ಮಂಡಳಿಯವರಿಗೆ ನಾನೇನು ಹೇಳ್ಲಿ? ನಮ್ಮ ಮೇಷ್ಟ್ರು ತಮ್ಮ ವಿರುದ್ಧ ತಾವೇ ಅಂತಲೇ?”

“ಹಾಗೆಯೇ ಹೇಳಿ ಸರ್. ವಾಕ್ಯ ಸರಿಯಾಗಿದೆ.”

“ನಿಮ್ಮ ವಾಕ್ಯಕ್ಕೆ ಬೆಂಕಿ ಹಾಕ!” ಎಂದರು. ಹದಿನಾರು ವರ್ಷ ಒಟ್ಟಿಗೆ ದುಡಿದವರು. ಆಮೇಲೆ ತಿಂಗಳ ಮಟ್ಟಿಗೆ ಅವರು ನನ್ನೊಡನೆ ಚಹಾ ಕುಡಿಯಲಿಲ್ಲ.

ಡಿಸೆಂಬರಿನಲ್ಲಿ ಉದ್ಯಾನ ವಿಭಾಗದಿಂದ ಒಬ್ಬ ಮಹಿಳಾ ಅಧಿಕಾರಿ ಸ್ಥಳ ಪರಿಶೀಲನೆಗೆ ಬಂದರು. ಪಕ್ಕದ ಸೊಸೈಟಿಯ ಕಾರ್ಯದರ್ಶಿ ತಮ್ಮ ದೂರಿನೊಂದಿಗೆ ಹಾಜರಾದರು. ಯಾರೂ ಕರೆಯದಿದ್ದರೂ ವನಜಕ್ಕನೂ ಬಂದರು.

“ಮೇಡಂ, ಅಕ್ಟೋಬರ್ ಮೇ ಹಮ್ ಖಿಡಕೀ ನಹೀಂ ಖೋಲ್ ಸಕತೇ” ಎಂದರು ಕಾರ್ಯದರ್ಶಿ.

ವನಜಕ್ಕ ನನ್ನತ್ತ ತಿರುಗಿದರು. “ಮಾಷ್ಟ್ರೆ, ಅವರ ಎಸಿಯ ನೀರು ವರ್ಷವಿಡೀ ದಾರಿಯಲ್ಲಿ ಹೋಗುವವರ ತಲೆಗೆ ಬೀಳ್ತದೆ, ನಾವು ಎಂತಾದ್ರೂ ಹೇಳಿದ್ದೇವಾ? ಮೂರು ವಾರ ಕಿಟಕಿ ಹಾಕ್ಕೊಳ್ಳಿ ಅಂತ ಅವರಿಗೆ ಹಿಂದಿಯಲ್ಲಿ ಹೇಳಿ. ಚಂದ ಮಾಡಿ ಹೇಳಿ.”

ನಾನು ಅನುವಾದಿಸಿದೆ. ಅಧಿಕಾರಿ ನಗುವನ್ನು ತಡೆದುಕೊಂಡು ನನ್ನ ಎರಡೂ ಕಾಗದಗಳನ್ನು ಎತ್ತಿ ಹಿಡಿದರು. “ಸರ್, ಅರ್ಜ ತುಮಚಾಚ, ಆಣಿ ಹರಕತ ಪಣ ತುಮಚೀಚ?” ಎರಡೂ ನನ್ನವೇ ಎಂದು ಒಪ್ಪಿಕೊಂಡೆ. ಹಾಗಾದರೆ ಈ ಮರದಲ್ಲಿ ನಿಮಗೆ ಹಿಡಿಸಿದ್ದೇನು ಎಂದು ಅವರು ಕೇಳಿದರು.

ಇಪ್ಪತ್ತೊಂದು ವರ್ಷ ಮಕ್ಕಳಿಗೆ ನಾನು ಕೇಳಿದ ಪ್ರಶ್ನೆ. ಪೀಠಿಕೆ, ವಿವರಣೆ, ಉಪಯೋಗ, ಉಪಸಂಹಾರ ಎಂದು ನಾನು ಹೇಳಿಕೊಟ್ಟಿದ್ದ ಚೌಕಟ್ಟು ಬಾಯಿಗೆ ಬರಲಿಲ್ಲ. ಒಂದು ಗೊಂಚಲನ್ನು ಕಿತ್ತು ಅವರ ಕೈಗೆ ಕೊಟ್ಟೆ. “ಇದನ್ನು ಎಣಿಸಿದರೆ ಸಾಕು, ಮರ ತಾನೇ ತನ್ನ ಹೆಸರು ಹೇಳುತ್ತದೆ. ನಾನು ಬರೆದ ಫಲಕ ಬೇಕಾಗುವುದಿಲ್ಲ. ಅದೇ ಹಿಡಿಸಿತು” ಎಂದೆ. ಅವರು ನಿಜವಾಗಿಯೂ ಎಣಿಸಿದರು. ನಮ್ಮ ಮರಾಠಿಯಲ್ಲಿ ಇದಕ್ಕೆ ಈ ಏಳರ ಲೆಕ್ಕದಿಂದಲೇ ಸಾತ್ವೀಣ ಎನ್ನುತ್ತೇವೆ ಎಂದು ಹೇಳಿ ಗೊಂಚಲನ್ನು ಕಡತದೊಳಗಿಟ್ಟುಕೊಂಡರು.

ಜನವರಿಯ ಎರಡನೆಯ ವಾರ ಆದೇಶ ಬಂದಿತು. ಎಂಟನೆಯ ನಂಬರಿನ ಕಣಗಿಲೆಯನ್ನು ತೆಗೆಯಬಹುದು. ಎರಡನೆಯ ನಂಬರಿನ ಹಾಲೆಯನ್ನು ಕಡಿಯಲು ಅನುಮತಿಯಿಲ್ಲ. ನಾನು ಅದನ್ನು ಎರಡು ಸಲ ಓದಿ, ನೆಮ್ಮದಿಯಿಂದ ಕಡತಕ್ಕೆ ಸೇರಿಸಿದೆ. ಎಲ್ಲವನ್ನೂ ಕಲಿತವನಂತೆ ಹಾಗೆ ನೆಮ್ಮದಿಯಿಂದ ಕಡತಕ್ಕೆ ಸೇರಿಸಿದ್ದೇ ನನ್ನ ಮೂರನೆಯ ತಪ್ಪು.

ಮುಂದಿನ ಮಂಗಳವಾರ ಮೂರನೆಯ ಪೀರಿಯಡ್. ಎಂಟನೆಯ ತರಗತಿಗೆ ಸಮಾಸ ಬೋಧಿಸುತ್ತಿದ್ದೆ. ಹೊರಗೆ ಮರ ಕಡಿಯುವ ಯಂತ್ರವನ್ನು ಚಾಲೂ ಮಾಡಿದ ಸದ್ದು ಕೇಳಿತು. ಕಣಗಿಲೆಯನ್ನು ತೆಗೆಯಲು ಬಂದಿದ್ದಾರೆ ಎಂದುಕೊಂಡು ಮುಂದುವರಿಸಿದೆ. ಆದರೆ ಸದ್ದು ನನ್ನ ಎಡಗಡೆಯ ಕಿಟಕಿಯಿಂದ ಬರುತ್ತಿತ್ತು. ಎಡಗಡೆ ಮುಂದಿನ ಗೇಟು. ಕಣಗಿಲೆ ಇದ್ದದ್ದು ಬಲಗಡೆ.

ಸೀಮೆಸುಣ್ಣ ಕೈಯಲ್ಲಿರುವಂತೆಯೇ ಓಡಿದೆ. ತರಗತಿಯಿಂದ ಅನುಮತಿಯಿಲ್ಲದೆ ಹೊರಬಿದ್ದದ್ದು ವೃತ್ತಿಜೀವನದಲ್ಲಿ ಅದೊಂದೇ ಸಲ. ಮೂವರು ಕೆಲಸಗಾರರು ಹಾಲೆ ಮರದ ಕೆಳಗೆ ನಿಂತಿದ್ದರು. ಇನ್ನೊಬ್ಬ ಹಗ್ಗ ಹಿಡಿದು ಮೊದಲ ಕವಲಿಗೆ ಹತ್ತಿದ್ದ. ಬಸಪ್ಪ ಕಾಂಡಕ್ಕೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ಅಡ್ಡ ನಿಂತಿದ್ದ.

“ಸರ, ಇವ್ರಿಗಿ ಹೇಳ್ರಿ! ಇದಲ್ಲ ಅಂದ್ರ ಕೇಳವಲ್ರು. ಈ ಸಲ ನಾ ಸುಮ್ನ ಇರಾಂವಲ್ಲ!”

ಅವರ ಮೇಲ್ವಿಚಾರಕ ಮುಕಾದಮ ನನ್ನ ಪಟ್ಟಿಯನ್ನು ನನಗೇ ತೋರಿಸಿದ. “ಸಾಬ್, ಪೇಪರ್ ಮೇ ಆಠ್ ನಂಬರ್ ಹೈ. ಹಮ್‌ನೇ ಗಿನಾ. ಯಹೀ ಆಠವಾಂ ಹೈ.”

ಅವನ ಟೆಂಪೊ ಹಿಂದಿನ ಗೇಟಿನಿಂದ ಬಂದಿತ್ತು. ಅಲ್ಲಿಂದ ಎಣಿಸಿದ್ದ. ಅವನ ಎಣಿಕೆ ಸರಿಯಾಗಿಯೇ ಇತ್ತು. ಯಾವ ಗೇಟಿನಿಂದ ಎಣಿಸಬೇಕೆಂದು ನನ್ನ ಪಟ್ಟಿಯಲ್ಲಿ ಆಗಲೂ ಬರೆದಿರಲಿಲ್ಲ. ಆಗಸ್ಟಿನಲ್ಲಿ ಅಷ್ಟು ದೊಡ್ಡ ಪಾಠವಾದ ಮೇಲೂ ಅದೇ ಪಟ್ಟಿಯನ್ನು, ಅದೇ ದುಂಡನೆಯ ಅಕ್ಷರದಲ್ಲಿ, ಒಂದು ಸಾಲನ್ನೂ ಸೇರಿಸದೆ ನಕಲು ಮಾಡಿ ಲಗತ್ತಿಸಿದ್ದೆ. ಕೋಪ ಬಂದಿತು. ಅದನ್ನು ತೀರಿಸಿಕೊಳ್ಳಲು ಅಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.

ವಾದ ಮಾಡಲಿಲ್ಲ. ನೆಲಕ್ಕೆ ಬಿದ್ದಿದ್ದ ಒಂದು ಗೊಂಚಲನ್ನು ಎತ್ತಿಕೊಂಡು ಮುಕಾದಮನನ್ನು ಕೈಹಿಡಿದು ಸಾಲಿನ ಆ ತುದಿಗೆ ಕರೆದೊಯ್ದೆ. ಕಣಗಿಲೆಯ ಎಲೆಯೊಂದನ್ನು ಕಿತ್ತು ಅವನ ಒಂದು ಕೈಯಲ್ಲಿ, ಹಾಲೆಯ ಗೊಂಚಲನ್ನು ಇನ್ನೊಂದು ಕೈಯಲ್ಲಿ ಇಟ್ಟೆ. ಆದೇಶದ ಕಾಗದದಲ್ಲಿ ನಂಬರಿನ ಪಕ್ಕದಲ್ಲಿದ್ದ ಮರಾಠಿ ಹೆಸರನ್ನು ಓದಿ ಹೇಳಿದೆ. ಅವನು ಎರಡೂ ಕೈ ನೋಡಿಕೊಂಡ. ಆಮೇಲೆ ಮರ ಹತ್ತಿದ್ದವನಿಗೆ ಇಳಿಯಲು ಕೂಗಿದ: “ಅರೇ, ಉತರ್ ನೀಚೇ! ಗಲತ್ ಝಾಡ್ ಹೈ!”

ಮಧ್ಯಾಹ್ನದೊಳಗೆ ಕಣಗಿಲೆಯನ್ನು ಬೇರುಸಹಿತ ಕಿತ್ತು ಒಯ್ದರು. ಹಾಲೆಯ ಕಾಂಡದ ಮೇಲೆ ಯಂತ್ರ ತಾಗಿದ ಬೆರಳುದ್ದದ ಒಂದು ಗೀರಿನಿಂದ ಹಾಲು ಒಸರುತ್ತಿತ್ತು. ಬಸಪ್ಪ ಅದಕ್ಕೆ ಹಸಿಮಣ್ಣು ಮೆತ್ತಿದ.

ಶಾಲೆ ಬಿಟ್ಟ ಮೇಲೆ ರಿಜಿಸ್ಟರನ್ನು ತೆರೆದು ಹಳೆಯ ಪಟ್ಟಿಗೆ ಅಡ್ಡಗೆರೆ ಎಳೆದೆ. ಹೊಸ ಪುಟದಲ್ಲಿ ನಂಬರುಗಳನ್ನು ಬರೆಯಲಿಲ್ಲ. ಉಳಿದ ಎಂಟು ಮರಗಳ ಬಳಿಗೂ ಹೋಗಿ ಒಂದೊಂದು ಎಲೆಯನ್ನು ತಂದು ಅಂಟಿಸಿ, ಪಕ್ಕದಲ್ಲಿ ಹೆಸರು ಬರೆದೆ. ಹಾಲೆಯ ಗೊಂಚಲು ದೊಡ್ಡದಾದ್ದರಿಂದ ಪುಟದ ಅಂಚನ್ನು ಮೀರಿ ಹೊರಗೆ ಚಾಚಿತು. ಕತ್ತರಿಸಲಿಲ್ಲ. ಅದರ ಕೆಳಗೆ “ಉಳಿಯಿತು” ಎಂಬ ಒಂದೇ ಪದ ಬರೆದು, ಬಸಪ್ಪನಿಂದ ಮೊದಲು ಸಹಿ ಹಾಕಿಸಿ, ನಾನೂ ಸಹಿ ಮಾಡಿ ದಿನಾಂಕ ನಮೂದಿಸಿದೆ: 17 ಜನವರಿ 2017, ಮಂಗಳವಾರ.